ಗಣಪನ ಕೈಯ ಕೊಡಲಿಯನ್ನು ಮೊದಲು ನೋಡಿ
ಹಳೆಯ ವಿಗ್ರಹ, ಆಯುಧ, ನಾಣ್ಯ ಕೊಳ್ಳುವವರಿಗೂ ಮನೆಯಲ್ಲೇ ಇರುವವರಿಗೂ ಒಂದು ಕೈಪಿಡಿ

ಶಿವಮೊಗ್ಗದ ದುರ್ಗಿಗುಡಿಯಲ್ಲೋ ಭದ್ರಾವತಿಯ ಹಳೇನಗರದಲ್ಲೋ ಅಜ್ಜನ ಕಾಲದ ಮನೆ ಪಾಲಾಗುತ್ತಿದೆ ಎಂದಿಟ್ಟುಕೊಳ್ಳಿ. ಅಟ್ಟದ ಮೇಲಿನ ಪೆಟ್ಟಿಗೆ ಕೆಳಗಿಳಿಯುತ್ತದೆ. ಒಳಗೆ ಗೇಣುದ್ದದ ಹಿತ್ತಾಳೆ ಗಣಪತಿ, ಕೈಯಲ್ಲೊಂದು ಪುಟ್ಟ ಕೊಡಲಿ. ಪಕ್ಕದಲ್ಲಿ ಕಾವು ಕಳಚಿಹೋದ, ತುಕ್ಕು ಹಿಡಿದ ಕಬ್ಬಿಣದ ಕೊಡಲಿಯ ಅಲಗು. "ಇದು ಕೆಳದಿ ಅರಸರ ಕಾಲದ್ದು, ಲಕ್ಷಗಟ್ಟಲೆ ಬಾಳುತ್ತೆ" ಎನ್ನುವ ದೊಡ್ಡಪ್ಪ ಒಬ್ಬರಿರುತ್ತಾರೆ. "ಗುಜರಿಗೆ ಹಾಕಿ, ಕೆ.ಜಿ. ಲೆಕ್ಕದಲ್ಲಿ ಬಂದಷ್ಟು ಬರಲಿ" ಎನ್ನುವ ಅಳಿಯನೂ ಇರುತ್ತಾನೆ. ಯಾರ ಮಾತು ಸರಿ ಎಂದು ಅಳೆಯುವ ದಾರಿ ಮಾತ್ರ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಕೊಳ್ಳಲು ಹೊರಟವರ ಪಾಡೂ ಅಷ್ಟೇ. ಕಪ್ಪು ಬಣ್ಣ ಬಳಿದ ಹಿತ್ತಾಳೆಯೆಲ್ಲ ಅವರ ಕಣ್ಣಿಗೆ ಹಳೆಯದಾಗಿಯೇ ಕಾಣುತ್ತದೆ.

ಕೊಡಲಿ ಇರುವ ವಸ್ತುಗಳ ಮಟ್ಟಿಗೆ ಒಂದು ಅನುಕೂಲವಿದೆ. ಪರೀಕ್ಷೆಯನ್ನು ಕೊಡಲಿಯಿಂದಲೇ ಶುರು ಮಾಡಬಹುದು. ಮುಖ, ಕಿರೀಟ, ಪೀಠದ ಅಂದ ನೋಡುವುದಕ್ಕೆ ಮೊದಲು ಆ ಆಯುಧವನ್ನು ನೋಡಿ. ಉಳಿದೆಲ್ಲ ಭಾಗಗಳಿಗಿಂತ ಹೆಚ್ಚು ಮಾಹಿತಿ ಅಲ್ಲಿರುತ್ತದೆ.

ನಮ್ಮ ಜಿಲ್ಲೆಗೆ ಕೊಡಲಿಯ ಜೊತೆ ಹಳೆಯ ನಂಟು. ತಾಯಿಯ ತಲೆ ಕಡಿದ ಪರಶುರಾಮ ರಕ್ತ ಅಂಟಿದ ಕೊಡಲಿಯನ್ನು ತುಂಗೆಯಲ್ಲಿ ತೊಳೆದ ಜಾಗವೇ ತೀರ್ಥಹಳ್ಳಿ ಎಂಬುದು ಸ್ಥಳಪುರಾಣ. ಎಳ್ಳಮಾವಾಸ್ಯೆಯ ಜಾತ್ರೆಗೆ ಜನ ಅಲ್ಲಿ ಮುಳುಗು ಹಾಕುವುದು ಆ ನಂಬಿಕೆಯಿಂದಲೇ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆಟ್ಟದಲ್ಲಿ ಆ ತಾಯಿ ರೇಣುಕೆಯೇ ರೇಣುಕಾಂಬೆಯಾಗಿ ಪೂಜೆಗೊಳ್ಳುತ್ತಾಳೆ. ಇತ್ತ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ ಇದ್ದಿಲಿನಿಂದ ಉರಿದ ಕುಲುಮೆ. ಸುತ್ತಲಿನ ಕಾಡಿನ ಮರ ಅದರ ಉರುವಲು, ಮರಕ್ಕೆ ಬೇಕಾದದ್ದು ಕೊಡಲಿ. ಹಾಗಾಗಿ ಈ ಭಾಗದ ಅಟ್ಟಗಳಲ್ಲಿ ಪೂಜೆಯ ಕೊಡಲಿಯೂ ಸಿಗುತ್ತದೆ, ದುಡಿದು ಸವೆದ ಕೊಡಲಿಯೂ ಸಿಗುತ್ತದೆ. ಎರಡನ್ನೂ ನೋಡುವ ಕಣ್ಣು ಬೇರೆ ಬೇರೆ.

ಕೊಡಲಿಯೇ ಏಕೆ?

ಮೊದಲನೆಯ ಕಾರಣ ಸವೆತ. ವಿಗ್ರಹದಲ್ಲಿ ಮೈಯಿಂದ ಹೊರಚಾಚಿದ, ತೆಳುವಾದ ಭಾಗವೆಂದರೆ ಕೈಯಲ್ಲಿರುವ ಆಯುಧ. ಹಬ್ಬಹಬ್ಬಕ್ಕೂ ಹುಣಸೆಹಣ್ಣು, ಬೂದಿ ಹಾಕಿ ಉಜ್ಜುವಾಗ ಬೆರಳು ಮೊದಲು ತಾಗುವುದು ಅದಕ್ಕೆ. ಹೂವಿನ ಹಾರ ಸಿಕ್ಕಿಕೊಳ್ಳುವುದು ಅದಕ್ಕೆ. ಕೈಜಾರಿ ಬಿದ್ದರೆ ಮುರಿಯುವುದೂ ಅದೇ. ಮೂರು ತಲೆಮಾರು ಪೂಜೆ ಕಂಡ ವಿಗ್ರಹದ ಕೊಡಲಿಯ ಮೂಲೆಗಳು ದುಂಡಗಾಗಿರಬೇಕು, ಅಲಗಿನ ಮೇಲಿನ ಗೆರೆಗಳು ಮಾಸಿರಬೇಕು. ಆದರೆ ಕೊಡಲಿಗೂ ತೋಳಿಗೂ ನಡುವಿನ ಸಂದಿಯಲ್ಲಿ, ಬೆರಳು ಹೋಗದ ಕಡೆ, ಗೆರೆ ಇನ್ನೂ ಚೂಪಾಗಿಯೇ ಇರಬೇಕು. ನಿಜವಾದ ಸವೆತ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಯಂತ್ರದ ಬ್ರಷ್ಷಿಗೆ ಹಿಡಿದು ಸವೆಸಿದ್ದಾದರೆ ಇಡೀ ಮೈ ಸಮನಾಗಿ ಸವೆದಿರುತ್ತದೆ.

ಎರಡನೆಯದು ಎರಕ. ತೆಳು ಅಲಗಿನೊಳಕ್ಕೆ ಕರಗಿದ ಲೋಹ ಸರಿಯಾಗಿ ಹರಿಯುವುದು ಕಷ್ಟ. ಮೇಣದ ಅಚ್ಚಿನಲ್ಲಿ ಒಂದೊಂದಾಗಿ ಎರೆದ ವಿಗ್ರಹದಲ್ಲಿ ಶಿಲ್ಪಿ ಕೊಡಲಿಯನ್ನು ಉಳಿಯಿಂದ ಮತ್ತೆ ತಿದ್ದಿರುತ್ತಾನೆ. ಸಗಟಾಗಿ ಮರಳಿನ ಅಚ್ಚಿನಲ್ಲಿ ಎರೆದದ್ದರಲ್ಲಿ ಕೊಡಲಿ ದಪ್ಪಗೆ, ಮೊಂಡಾಗಿ ಇರುತ್ತದೆ; ಅದರ ಅಂಚಿನ ಉದ್ದಕ್ಕೂ ಅಚ್ಚಿನ ಎರಡು ಹೋಳು ಕೂಡಿದ ಗೆರೆಯೋ ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತೋ ಉಳಿದಿರುತ್ತದೆ.

ಮೂರನೆಯದು ಶಾಸ್ತ್ರ. ಯಾವ ದೇವರ ಯಾವ ಕೈಯಲ್ಲಿ ಯಾವ ಆಯುಧ, ಅದಕ್ಕೆ ಜೋಡಿ ಯಾವುದು ಎಂಬುದು ಹಳೆಯ ಶಿಲ್ಪಿಗೆ ಬಾಯಿಪಾಠ. ಅಲಂಕಾರದ ಅಂಗಡಿಗಾಗಿ ಮಾಡುವವನಿಗೆ ಅದರ ಹಂಗಿಲ್ಲ. ಆತ ಎಡವುವುದು ಸಾಮಾನ್ಯವಾಗಿ ಹಿಂದಿನ ಎರಡು ಕೈಗಳಲ್ಲಿ.

ಪರೀಕ್ಷೆಯ ಹಂತಗಳು

1. ಅದು ಕೊಡಲಿಯೇ ಎಂದು ಖಚಿತ ಮಾಡಿಕೊಳ್ಳಿ. ಅರ್ಧ ಜನ ಇಲ್ಲೇ ತಪ್ಪುತ್ತಾರೆ. ಗಣಪತಿಯ ಕೈಯಲ್ಲಿ ಕೊಡಲಿಯಷ್ಟೇ ಸಾಮಾನ್ಯವಾಗಿ ಅಂಕುಶವೂ ಇರುತ್ತದೆ. ಅಂಕುಶಕ್ಕೆ ನೆಟ್ಟಗಿನ ಮೊನೆ, ಪಕ್ಕದಲ್ಲಿ ಕೆಳಗೆ ಬಾಗಿದ ಕೊಕ್ಕೆ. ಕೊಡಲಿಗೆ ಹೊರಮುಖವಾಗಿ ಅಗಲಿಸಿದ ಅಲಗು. ಸವೆದ ಮೇಲೆ ಎರಡೂ ಒಂದೇ ಥರ ಕಾಣುವುದರಿಂದ ಭೂತಗನ್ನಡಿ ಹಿಡಿದು, ದೀಪವನ್ನು ಪಕ್ಕದಿಂದ ಬಿಟ್ಟು ನೋಡಿ. ನೆರಳಿನಲ್ಲಿ ಅಲಗಿನ ಆಕಾರ ಎದ್ದು ಕಾಣುತ್ತದೆ.

2. ಜೋಡಿ ಸರಿಯಿದೆಯೇ ನೋಡಿ. ಹೊಯ್ಸಳ ಶೈಲಿಯ ಗಣಪತಿಗೆ ಸಾಮಾನ್ಯವಾಗಿ ಮೇಲಿನ ಕೈಗಳಲ್ಲಿ ಪರಶು ಮತ್ತು ಪದ್ಮ, ಕೆಳಗಿನ ಕೈಗಳಲ್ಲಿ ಮುರಿದ ದಂತ ಮತ್ತು ಮೋದಕದ ಪಾತ್ರೆ. ಶಿವನ ವಿಷಯ ಸ್ವಲ್ಪ ಸೂಕ್ಷ್ಮ. ಹಿಂದಿನ ಕೈಗಳಲ್ಲಿ ಕೊಡಲಿ ಮತ್ತು ಜಿಂಕೆ ಹಿಡಿದ ಶಿವ ಚೋಳರ ಕಂಚಿನ ಪರಂಪರೆಯ ಗುರುತು. ಮುಂದೆ ವಿಜಯನಗರದ ಕಾಲಕ್ಕೆ ಇಲ್ಲಿಗೂ ಬಂತು. ಚಾಲುಕ್ಯ, ಹೊಯ್ಸಳ ಶಿಲ್ಪದಲ್ಲಿ ಶಿವ ಹೆಚ್ಚಾಗಿ ಹಿಡಿಯುವುದು ತ್ರಿಶೂಲ, ಡಮರು. ಹಾಗಾಗಿ ಕೊಡಲಿ ಮತ್ತು ಜಿಂಕೆ ಹಿಡಿದ ಶಿವನನ್ನು ತೋರಿಸಿ "ಹೊಯ್ಸಳರ ಕಂಚು" ಎಂದರೆ ನಂಬುವ ಮೊದಲು ಕಂಚಿನ ಎರಕಕ್ಕೆ ಹೆಸರಾದ ತಮಿಳುನಾಡಿನ ಸ್ವಾಮಿಮಲೈನ ಹೊಸ ಕೆಲಸವಿರಬಹುದೇ ಎಂದು ಯೋಚಿಸಿ. ಇಷ್ಟರಿಂದಲೇ ತೀರ್ಪು ಕೊಡಬೇಡಿ. ಅನುಮಾನಕ್ಕೆ ಇದು ಸಾಕು, ನಿರ್ಧಾರಕ್ಕೆ ಸಾಲದು.

ಕಣ್ಣು ಪಳಗಿಸಲು ಖರ್ಚಿಲ್ಲದ ಪಾಠಶಾಲೆಗಳು ಇಲ್ಲೇ ಇವೆ. ಭದ್ರಾವತಿ ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನ ಹೊಯ್ಸಳರ ತ್ರಿಕೂಟ; ಹೊರಗೋಡೆಯ ಮೂರ್ತಿಗಳ ಕೈಗಳನ್ನಷ್ಟೇ ನೋಡುತ್ತ ಒಂದು ಸುತ್ತು ಹಾಕಿ. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ಸರ್ಕಾರಿ ವಸ್ತುಸಂಗ್ರಹಾಲಯದ ಆವರಣದಲ್ಲಿ ಜಿಲ್ಲೆಯ ಬೇರೆ ಬೇರೆ ಕಡೆಯಿಂದ ತಂದ ಶಿಲ್ಪಗಳು, ವೀರಗಲ್ಲುಗಳು ಸಾಲಾಗಿ ನಿಂತಿವೆ. ಸಾಗರದ ಕಡೆ ಹೋದಾಗ ಕೆಳದಿಯ ವಸ್ತುಸಂಗ್ರಹಾಲಯವನ್ನೂ ಬಿಡಬೇಡಿ. ನಾಲ್ಕು ಪುಸ್ತಕ ಓದುವುದಕ್ಕಿಂತ ನೂರು ನಿಜವಾದ ಕೈಗಳನ್ನು ನೋಡುವುದು ಮೇಲು.

3. ತೂಕ ಮತ್ತು ನೀರು. ಅಂಗಡಿಯವರು ಪಂಚಲೋಹ ಎನ್ನುವುದರಲ್ಲಿ ಎಷ್ಟೋ ಬರೀ ಹಿತ್ತಾಳೆ, ಕೆಲವು ಸತುವಿನ ಮಿಶ್ರಣಕ್ಕೆ ಹಿತ್ತಾಳೆ ಬಣ್ಣ. ಒಂದೇ ಗಾತ್ರಕ್ಕೆ ಒಂದೊಂದು ಲೋಹ ಒಂದೊಂದು ತೂಕ ತೂಗುತ್ತದೆ. ಅದನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲೇ ಅಳೆಯಬಹುದು. ಮೊದಲು ವಸ್ತುವನ್ನು ಒಣಗಿದ್ದಾಗ ತೂಗಿ. ಆಮೇಲೆ ತಕ್ಕಡಿಯ ಮೇಲೆ ನೀರು ತುಂಬಿದ ಪಾತ್ರೆ ಇಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ವಸ್ತುವನ್ನು ದಾರದಲ್ಲಿ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ, ಪೂರ್ತಿ ಮುಳುಗುವಂತೆ ಇಳಿಬಿಡಿ. ಈಗ ಕಾಣುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. ಒಣಗಿದ್ದಾಗ 680 ಗ್ರಾಂ, ನೀರಿನಲ್ಲಿ 80 ಬಂದರೆ ಉತ್ತರ 8.5, ಎಂದರೆ ಹಿತ್ತಾಳೆ. ಕಂಚು ಸುಮಾರು 8.8ರ ಹತ್ತಿರ, ಕಬ್ಬಿಣ 7.8, ಎರಕದ ಕಬ್ಬಿಣ ಸುಮಾರು 7.2, ಸತುವಿನ ಮಿಶ್ರಣ 7ಕ್ಕಿಂತ ಕೆಳಗೆ. ಒಳಗೆ ಟೊಳ್ಳಿರುವ, ಮಣ್ಣಿನ ತಿರುಳಿರುವ ವಿಗ್ರಹಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮರ, ಬಣ್ಣ, ಚಿನ್ನದ ಲೇಪ ಇರುವ ವಸ್ತುವನ್ನು ನೀರಿಗೆ ಇಳಿಸಲೇಬೇಡಿ. ಇದರಿಂದ ತಿಳಿಯುವುದು ಲೋಹ ಯಾವುದು ಎಂದಷ್ಟೇ. ಹೊಸ ಹಿತ್ತಾಳೆಯೂ ಹಿತ್ತಾಳೆಯೇ.

4. ಅಯಸ್ಕಾಂತ. ಹಿತ್ತಾಳೆ, ಕಂಚು, ಬೆಳ್ಳಿ ಯಾವುದೂ ಅಂಟುವುದಿಲ್ಲ. "ಹಿತ್ತಾಳೆ" ಕೊಡಲಿಗೆ ಅಯಸ್ಕಾಂತ ಕಚ್ಚಿದರೆ ಮುಂದಿನ ಮಾತು ಬೇಡ.

5. ಮುರಿದ, ಬೆಸೆದ ಗುರುತು ಹುಡುಕಿ. ಕೊಡಲಿಯ ಕಾವು ಮುಷ್ಟಿಯಿಂದ ಹೊರಬರುವ ಜಾಗದಲ್ಲಿ ಬೂದುಬಣ್ಣದ ಬೆಸುಗೆ ಕಂಡರೆ ಹಿಂದೆಂದೋ ಮುರಿದು ಸೇರಿಸಿದ್ದಾರೆ ಎಂದರ್ಥ. ಇದರಿಂದ ಬೆಲೆ ಇಳಿಯುತ್ತದೆ, ಆದರೆ ಹಳೆಯದೆಂಬ ನಂಬಿಕೆ ಹೆಚ್ಚುತ್ತದೆ. ನನ್ನ ಮಟ್ಟಿಗೆ, ಅಚ್ಚುಕಟ್ಟಾಗಿ ಬೆಸೆದ ಹಳೆಯ ಕೊಡಲಿಯ ಗಣಪತಿ, ಒಂದು ಗೀರೂ ಇಲ್ಲದ "ಇನ್ನೂರು ವರ್ಷದ" ಗಣಪತಿಗಿಂತ ಹೆಚ್ಚು ನಂಬಿಕಸ್ಥ. ಕೊಡಲಿಯ ಲೋಹದ ಬಣ್ಣವೇ ಮೈಗಿಂತ ಬೇರೆಯಾಗಿದ್ದರೆ ಆಯುಧವನ್ನು ಈಚೆಗೆ ಹೊಸದಾಗಿ ಮಾಡಿ ಕೂರಿಸಿದ್ದಾರೆ.

6. ಕಪ್ಪು ಎಲ್ಲಿದೆ, ಹೇಗಿದೆ ನೋಡಿ. ಎಣ್ಣೆ, ಕುಂಕುಮ, ದೀಪದ ಮಸಿ ಸೇರಿದ ಹಳೆಯ ಜಿಡ್ಡು ಪದರಪದರವಾಗಿ, ಗಟ್ಟಿಯಾಗಿ ಸಂದಿಯಲ್ಲಿ ಕೂತಿರುತ್ತದೆ. ಬಳಿದ ಕಪ್ಪು ತೆಳು. ಪೀಠದ ಅಡಿಯಲ್ಲಿ, ಮಾರುವವರ ಒಪ್ಪಿಗೆ ಪಡೆದು, ಸ್ಪಿರಿಟ್ ಅದ್ದಿದ ಹತ್ತಿಯನ್ನು ಮೆಲ್ಲಗೆ ತಾಗಿಸಿ. ಬಣ್ಣ ಬಿಟ್ಟರೆ ಬಳಿದದ್ದು. ಬಿಡದಿದ್ದರೂ ರಾಸಾಯನಿಕದಿಂದ ಕಪ್ಪಾಗಿಸಿದ್ದಿರಬಹುದು, ಎಚ್ಚರ.

ಕಬ್ಬಿಣದ ಕೊಡಲಿಯಾದರೆ

ಇಲ್ಲಿ ನೋಡಬೇಕಾದದ್ದು ಬಾಯಿ ಮತ್ತು ಕಾವು ಕೂರುವ ತೂತು. ಕುಲುಮೆಯ ಕಮ್ಮಾರ ಕಬ್ಬಿಣದ ಪಟ್ಟಿಯನ್ನು ಕಾಯಿಸಿ, ಮಡಚಿ, ತುದಿಗಳನ್ನು ಬಡಿದು ಕೂಡಿಸುತ್ತಿದ್ದ. ತೂತು ಆ ಮಡಿಕೆಯಲ್ಲಿ ಉಳಿಯುತ್ತಿತ್ತು, ಹಾಗಾಗಿ ಅದು ಎಂದೂ ಪೂರ್ತಿ ಸಮಾನ ಆಕಾರದಲ್ಲಿರುವುದಿಲ್ಲ. ಒಳಗೆ ಬೆರಳಾಡಿಸಿದರೆ ಮಡಿಕೆಯ ಜೋಡಣೆ ತಾಗುತ್ತದೆ. ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಬೆಸೆಯುತ್ತಿದ್ದರು, ಏಕೆಂದರೆ ಉಕ್ಕು ದುಬಾರಿ. ಚೆನ್ನಾಗಿ ನೋಡಿದರೆ ಎರಡು ಲೋಹ ಕೂಡುವ ಅಲೆಯಂಥ ಗೆರೆ ಕಾಣುತ್ತದೆ. ಎರಕ ಹೊಯ್ದ ನಕಲಿನಲ್ಲಿ ಮೈಯೆಲ್ಲ ಮರಳು ಮರಳು, ತೂತು ನುಣ್ಣಗೆ, ನಡುವೆ ಅಚ್ಚಿನ ಗೆರೆ. ದಾರದಲ್ಲಿ ತೂಗುಬಿಟ್ಟು ಮರದ ಕೋಲಿನಿಂದ ತಟ್ಟಿದರೆ ಬಡಿದು ಮಾಡಿದ್ದು ಗಣಗಣ ಎನ್ನುತ್ತದೆ, ಎರಕದ್ದು ಠಪ್ ಎಂದು ಸುಮ್ಮನಾಗುತ್ತದೆ. ಇನ್ನೊಂದು ಮಾತು: ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಬಡಿದು ಹತಾರ ಮಾಡುವುದು ನಮ್ಮಲ್ಲಿ ಮಾಮೂಲು. ಅಲಗಿನ ದಪ್ಪ ಉದ್ದಕ್ಕೂ ಒಂದೇ ಸಮ ಇದ್ದು, ಎಲ್ಲೋ ಒಂದು ಕಡೆ ಬೋಲ್ಟಿನ ತೂತಿನ ಅರ್ಧಚಂದ್ರ ಉಳಿದಿದ್ದರೆ ಅದು ಮೋಟಾರು ಗಾಡಿಯ ಕಾಲದ್ದು, ಟಿಪ್ಪುವಿನ ಕಾಲದ್ದಲ್ಲ.

ಭದ್ರಾವತಿಯವರಿಗೆ ಬೇರೆ ಊರಿನವರಿಗಿಲ್ಲದ ಅನುಕೂಲವೊಂದಿದೆ. ಕಾರ್ಖಾನೆಯ ಎರಕದ ವಿಭಾಗದಲ್ಲೋ ಕುಲುಮೆಯಲ್ಲೋ ದುಡಿದು ನಿವೃತ್ತರಾದವರು ನಿಮ್ಮ ಬೀದಿಯಲ್ಲೇ ಇರಬಹುದು. ಬಡಿದ ಕಬ್ಬಿಣ, ಎರೆದ ಕಬ್ಬಿಣ, ಅಚ್ಚಿನ ಗೆರೆ, ಗಾಳಿಗುಳ್ಳೆ, ಇವೆಲ್ಲ ಅವರಿಗೆ ಕೈಮುಟ್ಟಿದರೆ ತಿಳಿಯುತ್ತದೆ. ಪುರಾತನ ವಸ್ತುವಿನ ದಲ್ಲಾಳಿಗೆ ತೋರಿಸುವ ಮೊದಲು ಅಂಥವರೊಬ್ಬರಿಗೆ ತೋರಿಸಿ. ಅವರಿಗೆ ಕಾಲ ಹೇಳಲು ಬರದಿರಬಹುದು, ಮಾಡಿದ ರೀತಿ ಹೇಳಲು ಬರುತ್ತದೆ. ಮುಖ್ಯವಾಗಿ, ಅವರು ನಿಮಗೆ ಏನನ್ನೂ ಮಾರಬೇಕಾಗಿಲ್ಲ.

ಮರ ಕಡಿಯುವ ಕೊಡಲಿ ಬೆಣೆಯಂತೆ ದಪ್ಪ. ಯುದ್ಧದ ಕೊಡಲಿ ಹಗುರ, ಅಲಗು ತೆಳು, ಬಾಯಿ ಅಗಲ. ಒಂದೇ ಕೈಯಲ್ಲಿ ಬೀಸುವಂತಿರಬೇಕಲ್ಲ. ಎತ್ತಲೂ ಕಷ್ಟವಾಗುವಷ್ಟು ಭಾರದ "ಸೇನಾಪತಿಯ ಗಂಡುಗೊಡಲಿ"ಯನ್ನು ಯಾರಾದರೂ ತೋರಿಸಿದರೆ ಅದು ಗೋಡೆಗೆ ತೂಗುಹಾಕಲೆಂದೇ ಮಾಡಿದ್ದು. ಉತ್ತರ ಭಾರತ, ಇರಾನಿನ 'ತಬರ್' ಎಂಬ ಉಕ್ಕಿನ ಕೊಡಲಿಗಳು ಹೂಬಳ್ಳಿ, ಬರಹ, ಬೇಟೆಯ ಚಿತ್ರಗಳೊಡನೆ ಸಂಗ್ರಾಹಕರ ಬಳಿ ಓಡಾಡುತ್ತವೆ. ಅವುಗಳಲ್ಲಿ ಎಷ್ಟೋ 19ನೇ ಶತಮಾನದಲ್ಲೇ ಅಲಂಕಾರಕ್ಕಾಗಿ ಮಾಡಿದವು. ಚಿನ್ನ, ಬೆಳ್ಳಿಯ ತಂತಿ ಬಡಿದ ಕೆಲಸ ನಿಜವಾದರೆ, ತಂತಿ ಉದುರಿದ ಕಡೆ ಉಕ್ಕಿನ ಮೇಲೆ ಅಡ್ಡಉದ್ದ ಗೀರಿದ ಸಣ್ಣ ಜಾಲ ಕಾಣಬೇಕು. ತಂತಿ ಕಚ್ಚಿ ನಿಲ್ಲುವುದು ಆ ಗೀರುಗಳಿಂದ. ಗೀರಿಲ್ಲದಿದ್ದರೆ ಬಣ್ಣ.

ಅರಣ್ಯ ಇಲಾಖೆ ಮರಕ್ಕೆ ಮುದ್ರೆ ಹೊಡೆಯುವ ಹತಾರ ಗುಜರಿಯಲ್ಲಿ ಸಿಕ್ಕರೆ ಆಸೆಪಡಬೇಡಿ. ಕೆಲವಕ್ಕೆ ಒಂದು ಬದಿ ಕೊಡಲಿ, ಇನ್ನೊಂದು ಬದಿ ಉಬ್ಬಿದ ಅಕ್ಷರ. ಮಲೆನಾಡಿನ ಚರಿತ್ರೆಯ ದೃಷ್ಟಿಯಿಂದ ಅದು ಅಪರೂಪದ ವಸ್ತು, ನಿಜ. ಆದರೆ ಸರ್ಕಾರಿ ಮುದ್ರೆಯ ದುರ್ಬಳಕೆ ಅರಣ್ಯ ಕಾನೂನಿನಡಿ ಅಪರಾಧ, ಅಂಥದ್ದನ್ನು ಮನೆಯಲ್ಲಿಟ್ಟುಕೊಂಡು ಉತ್ತರ ಕೊಡುವುದು ಸುಲಭವಲ್ಲ.

ಕಡಿಮೆ ದುಡ್ಡಿನಲ್ಲಿ ಶುರು ಮಾಡುವವರಿಗೆ

ವಿಗ್ರಹಕ್ಕೆ ಕೈ ಹಾಕುವ ಮೊದಲು ನಾಣ್ಯ, ಚೀಟಿ, ಬ್ಯಾಡ್ಜುಗಳಲ್ಲಿ ಪಳಗುವುದು ಜಾಣತನ. ಅಮೆರಿಕದ 'ಮರ್ಕ್ಯುರಿ ಡೈಮ್' 1916ರಿಂದ 1945ರವರೆಗೆ ಬಂದ ನಾಣ್ಯ. ಹಿಂಬದಿಯಲ್ಲಿ ಕೋಲುಗಳ ಕಟ್ಟಿನ ನಡುವೆ ಕೊಡಲಿ. ಇದು ರೋಮನ್ನರ ಅಧಿಕಾರದ ಲಾಂಛನ. ತೂಕ 2.5 ಗ್ರಾಂ, ನೂರಕ್ಕೆ 90 ಭಾಗ ಬೆಳ್ಳಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಗೆ ಮಣಿದ ಫ್ರಾನ್ಸಿನ ವಿಶಿ ಸರ್ಕಾರ ಅಲ್ಯೂಮಿನಿಯಂ ಫ್ರಾಂಕಿನ ಮೇಲೆ ಎರಡು ಬಾಯಿಯ ಕೊಡಲಿ ಹಾಕಿತು. ನಾರ್ವೆಯ ರಾಜಲಾಂಛನದ ಸಿಂಹ ಕೊಡಲಿ ಹಿಡಿದೇ ನಿಂತಿದೆ, ಆ ದೇಶದ ಹಲವು ನಾಣ್ಯಗಳಲ್ಲೂ ಹಾಗೆಯೇ. ಅಗ್ನಿಶಾಮಕ ದಳಗಳ ಹಳೆಯ ಹಿತ್ತಾಳೆ ಬ್ಯಾಡ್ಜುಗಳಲ್ಲಿ, ಸೇನೆಯ ಪಯೋನಿಯರ್ ಪಡೆಗಳ ಗುರುತುಗಳಲ್ಲಿ ಒಂದರ ಮೇಲೊಂದು ಅಡ್ಡವಿಟ್ಟ ಜೋಡಿ ಕೊಡಲಿ ಸಿಗುತ್ತದೆ. ಕೊಲ್ಲಿ ರಾಷ್ಟ್ರದಿಂದ ಬಂದವರ ಪೆಟ್ಟಿಗೆಯಲ್ಲಿ ತಪ್ಪದೆ ಇರುತ್ತಿದ್ದ ಸಿಂಗಪುರದ ಕೊಡಲಿ ಗುರುತಿನ ನೋವಿನೆಣ್ಣೆ ನೆನಪಿದೆಯೇ? ಆ ಕಂಪನಿ 1928ರದ್ದು. ಹಳೆಯ ಬಾಟಲಿ, ರಟ್ಟಿನ ಪೆಟ್ಟಿಗೆಗಳನ್ನು ಕೂಡಿಡುವವರೂ ಇದ್ದಾರೆ. ಶಿವಮೊಗ್ಗ ಬಳಿಯ ಲಕ್ಕಿನಕೊಪ್ಪದ 'ಅಮೂಲ್ಯ ಶೋಧ' ಸಂಗ್ರಹಾಲಯವನ್ನು ಒಮ್ಮೆ ನೋಡಿ ಬಂದರೆ ಇಂಥ ಸಣ್ಣ ವಸ್ತುಗಳನ್ನು ಹೇಗೆ ಜೋಡಿಸಿಡಬಹುದೆಂಬ ಅಂದಾಜು ಸಿಗುತ್ತದೆ.

ನಮ್ಮ ಜಿಲ್ಲೆಯದೇ ನಾಣ್ಯವಾದ ಇಕ್ಕೇರಿ ವರಹದ ಬಗ್ಗೆ ಒಂದು ಎಚ್ಚರಿಕೆ. ಶಿವ ಪಾರ್ವತಿಯರು ಕುಳಿತ ಈ ಚಿನ್ನದ ನಾಣ್ಯವನ್ನು ಕೆಳದಿ ನಾಯಕರು ಹೊರಡಿಸಿದರು. 1763ರಲ್ಲಿ ಅವರ ರಾಜಧಾನಿ ಬಿದನೂರು ಹೈದರಾಲಿಯ ವಶವಾದ ಮೇಲೆ ಆತನೂ ಅದೇ ಚಿತ್ರ ಉಳಿಸಿಕೊಂಡ. ಶಿವನ ಕೈಯಲ್ಲಿರುವುದು ಸಾಮಾನ್ಯವಾಗಿ ತ್ರಿಶೂಲ ಮತ್ತು ಜಿಂಕೆ. "ಕೊಡಲಿ ಇರುವ ಅಪರೂಪದ ವರಹ" ಎಂದು ಹೆಚ್ಚು ಬೆಲೆ ಕೇಳಿದರೆ ಕೊಡಬೇಡಿ. ಅಷ್ಟು ಪುಟ್ಟ ನಾಣ್ಯದಲ್ಲಿ ಸವೆದ ತ್ರಿಶೂಲ ಯಾವ ಆಯುಧದಂತೆ ಬೇಕಾದರೂ ಕಾಣುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇಸ್ಪೀಟಿನಂಥ ಗಂಜೀಫಾ ಆಟದ ಎಲೆಗಳು. ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಕ್ಕೆ ಹತ್ತು ಪಂಗಡ, ಒಂದೊಂದಕ್ಕೆ 12 ಎಲೆ, ಒಟ್ಟು 120 ದುಂಡನೆಯ ಎಲೆಗಳು. ಪರಶುರಾಮನ ಪಂಗಡದ ಗುರುತೇ ಕೊಡಲಿ: ರಾಜ, ಮಂತ್ರಿ ಬಿಟ್ಟು ಉಳಿದ ಎಲೆಗಳಲ್ಲಿ ಒಂದರಿಂದ ಹತ್ತರವರೆಗೆ ಕೊಡಲಿಗಳನ್ನು ಬರೆದಿರುತ್ತಾರೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟದ ದೊಡ್ಡ ಪೋಷಕರು. ಕೈಯಿಂದ ಬರೆದದ್ದೋ ಅಚ್ಚೋ ಎಂದು ತಿಳಿಯಲು ಹತ್ತು ಕೊಡಲಿಯ ಎಲೆಯನ್ನು ಭೂತಗನ್ನಡಿಯಲ್ಲಿ ನೋಡಿ. ಕೈಬರಹವಾದರೆ ಹತ್ತೂ ಕೊಡಲಿ ಒಂದಕ್ಕೊಂದು ಸ್ವಲ್ಪ ಬೇರೆ. ಅಚ್ಚಾದರೆ ಬಣ್ಣ ಸಣ್ಣ ಸಣ್ಣ ಚುಕ್ಕೆಗಳಾಗಿ ಒಡೆಯುತ್ತದೆ. ದಂತದ ಎಲೆ ಎಂದರೆ ಮುಟ್ಟಬೇಡಿ, ಕಾರಣ ಮುಂದಿದೆ.

ಕಾನೂನು: ಕೊಳ್ಳುವ ಮೊದಲು ಓದಿ

ನೂರು ವರ್ಷ ದಾಟಿದ ಕಲಾವಸ್ತು 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯಡಿ ಬರುತ್ತದೆ. ಲೋಹ, ಕಲ್ಲು, ಮರದ ಶಿಲ್ಪ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿಗಳನ್ನು ನೋಂದಾಯಿಸಬೇಕು. ಕೈ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಇವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದ ಮಗಳ ಮನೆಗೆ ಅಜ್ಜಿಯ ಗಣಪತಿಯನ್ನು ಸೂಟ್‌ಕೇಸಿನಲ್ಲಿ ಹಾಕಿ ಕಳಿಸುವ ಮೊದಲು ಯೋಚಿಸಿ. ವಸ್ತು ಹೊಸದಾಗಿದ್ದು ಹಳೆಯದರಂತೆ ಕಾಣುತ್ತಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ 'ಪುರಾತನ ವಸ್ತುವಲ್ಲ' ಎಂಬ ಪ್ರಮಾಣಪತ್ರ ಪಡೆಯಬಹುದು.

ನೆಲದಲ್ಲಿ ಸಿಕ್ಕಿದ್ದು ಸಿಕ್ಕವರ ಸ್ವತ್ತಲ್ಲ. ಪಾಯ ತೋಡುವಾಗ, ತೋಟ ಅಗೆಯುವಾಗ ನಿಧಿ ಸಿಕ್ಕರೆ ತಿಳಿಸಬೇಕೆಂದು ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ತಹಶೀಲ್ದಾರರಿಗೋ ಜಿಲ್ಲಾಧಿಕಾರಿಗೋ ತಿಳಿಸಿ. ನುಣುಪಾದ ಕಲ್ಲಿನ ಕೊಡಲಿ ಸಿಕ್ಕರೆ ಸಿಕ್ಕ ಜಾಗದ ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಹೇಳಿ. ಬಳ್ಳಾರಿ ಬಳಿಯ ಸಂಗನಕಲ್ಲಿನಲ್ಲಿ ನವಶಿಲಾಯುಗದವರು ಇಂಥ ಕೊಡಲಿಗಳನ್ನು ರಾಶಿ ರಾಶಿ ಮಾಡುತ್ತಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲೂ ಸಿಕ್ಕಿವೆ. ಎಲ್ಲಿ ಸಿಕ್ಕಿತು ಎಂಬುದು ಅಳಿಸಿಹೋದರೆ ಅದು ಬರೀ ಕಲ್ಲು.

ಯುದ್ಧದ ಕೊಡಲಿ ಆಯುಧ ನಿಯಮಗಳ ಪಟ್ಟಿಯಲ್ಲಿ ಕತ್ತಿ, ಭರ್ಜಿಗಳ ಜೊತೆ ಹೆಸರಿಸಿಯೇ ಇದೆ. ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿರುವ ಇತರ ಆಯುಧಗಳೂ ಅದರಲ್ಲೇ ಸೇರುತ್ತವೆ. ಮನೆ, ಕೃಷಿ ಕೆಲಸದ ಹತಾರಕ್ಕೆ ವಿನಾಯಿತಿ ಉಂಟು. ಈ ವರ್ಗಕ್ಕೆ ಪರವಾನಗಿ ಬೇಕಾಗುವುದು ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ. ನಿಮ್ಮ ಠಾಣೆಯಲ್ಲಿ ಕೇಳಿ ತಿಳಿದುಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ಆನೆದಂತದ ಹಿಡಿ, ಜಿಂಕೆ ಅಥವಾ ಕಡವೆ ಕೊಂಬಿನ ಕಾವು ಇರುವುದನ್ನು ಮಾರುವುದೂ ಕೊಳ್ಳುವುದೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. "ಹಳೆಯದು ಸಾರ್, ಅಡ್ಡಿಯಿಲ್ಲ" ಎಂಬ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

ತೊಳೆದು ತರುವುದು. ಮೌಲ್ಯ ಕೇಳಲು ಹೋಗುವ ಹಿಂದಿನ ದಿನ ಪೀತಾಂಬರಿ ಹಾಕಿ ಫಳಫಳ ಹೊಳೆಸುತ್ತಾರೆ. ನೋಡುವವರಿಗೆ ಬೇಕಾದ ಸಾಕ್ಷಿಯೆಲ್ಲ ಬಚ್ಚಲಲ್ಲಿ ಹರಿದುಹೋಗಿರುತ್ತದೆ. ಪೂಜೆಯಲ್ಲಿರುವ ವಿಗ್ರಹವನ್ನು ಮನೆಯ ಪದ್ಧತಿಯಂತೆ ತೊಳೆಯಿರಿ, ಅಡ್ಡಿಯಿಲ್ಲ. ಅಟ್ಟದಿಂದ ಇಳಿಸಿದ್ದನ್ನು ಮಾತ್ರ ಯಾರಾದರೂ ತಿಳಿದವರು ನೋಡುವವರೆಗೆ ಮುಟ್ಟಬೇಡಿ.

ಕಥೆಗೆ ಬೆಲೆ ಕೊಡುವುದು. "ಕೆಳದಿ ಸಂಸ್ಥಾನದವರ ಮನೆಯಿಂದ ಬಂದದ್ದು" ಎಂದರೆ ಕಾಗದ ಕೇಳಿ. ಪಾಲುಪಟ್ಟಿ, ಹಳೆಯ ಫೋಟೊ, ರಸೀದಿ ಏನಾದರೂ ಇರಲಿ. ಕಾಗದವಿಲ್ಲದ ವಿಗ್ರಹ ಯಾವುದೋ ಊರ ಗುಡಿಯಿಂದ ಕಳುವಾದದ್ದಾಗಿರಬಹುದು. ಪೀಠದ ಅಡಿ ಹೊಸದಾಗಿ ಕಿತ್ತ ಗುರುತು, ಗಾರೆ ಅಂಟಿದ ಗುರುತು ಇದ್ದರೆ ವ್ಯವಹಾರ ಅಲ್ಲೇ ನಿಲ್ಲಿಸಿ ಪೊಲೀಸರಿಗೆ ತಿಳಿಸಿ.

ಶಕ್ತಿಯ ಮಾತಿಗೆ ಮರುಳಾಗುವುದು. ಸಿಡಿಲು ಬಡಿದ ಕೊಡಲಿ, ಅಕ್ಕಿ ಎಳೆಯುವ ತಾಮ್ರ, ಕೋಟಿಗೆ ಕೊಳ್ಳುವ ವಿದೇಶಿ ಗಿರಾಕಿ, ಅದಕ್ಕೆ ಮೊದಲು ಪರೀಕ್ಷೆಗೆಂದು ನೀವು ಕಟ್ಟಬೇಕಾದ ಒಂದಿಷ್ಟು ಸಾವಿರ: 'ರೈಸ್ ಪುಲ್ಲಿಂಗ್' ಹೆಸರಿನ ವಂಚನೆ ನಡೆಯುವುದೇ ಹೀಗೆ. ಹಳೆಯ ನಾಣ್ಯ, ನೋಟು ಕೊಳ್ಳುತ್ತೇವೆಂದು ಮುಂಗಡ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ. ಮಾರುವವರು ದುಡ್ಡು ಕಟ್ಟಬೇಕಾದ ವ್ಯಾಪಾರ ಯಾವುದೂ ಇಲ್ಲ.

ಗುಜರಿಗೆ ಅವಸರ ಮಾಡುವುದು. ಕೆ.ಜಿ. ಲೆಕ್ಕದ ಬೆಲೆ ಎಲ್ಲಿಗೂ ಓಡಿಹೋಗುವುದಿಲ್ಲ. ಒಂದು ತಿಂಗಳು ಕಾದರೆ ನಷ್ಟವೇನಿಲ್ಲ, ಕರಗಿಸಿದ್ದನ್ನು ಮತ್ತೆ ಪಡೆಯಲಾಗದು.

ಮಲೆನಾಡಿನ ಮಳೆಯಲ್ಲಿ ಕಾಪಾಡುವ ಬಗೆ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ಒದ್ದೆ. ಕಬ್ಬಿಣದ ಮೇಲೆ ನೀರಿನ ಪಸೆ ಕೂತರೆ ತುಕ್ಕು ಬೆಳೆಯುತ್ತಲೇ ಹೋಗುತ್ತದೆ, ಹಳೆಯ ತುಕ್ಕು ಸ್ಪಂಜಿನಂತೆ ಇನ್ನಷ್ಟು ಪಸೆ ಹಿಡಿಯುತ್ತದೆ. ಮಳೆ ಹಿಡಿಯುವ ಮೊದಲೇ, ಬಿಸಿಲಿರುವ ದಿನ, ಉದುರುವ ತುಕ್ಕನ್ನು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ಬೇಡ, ಅದು ಕಮಟಾಗಿ ಜಿಡ್ಡುಗಟ್ಟುತ್ತದೆ. ಗಟ್ಟಿ ಕಪ್ಪು ತುಕ್ಕನ್ನು ಹಾಗೇ ಬಿಡಿ, ಉಪ್ಪುಕಾಗದದಿಂದ ಉಜ್ಜಿ ಹೊಳಪು ತರುವುದು ವಸ್ತುವಿನ ವಯಸ್ಸನ್ನೇ ಕೆರೆದು ಹಾಕಿದಂತೆ.

ಹಿತ್ತಾಳೆ, ಕಂಚಿನ ಮೇಲೆ ತಿಳಿಹಸಿರು ಪುಡಿ ಅಲ್ಲಲ್ಲಿ ಏಳುತ್ತಿದ್ದರೆ ಅದು ಹಳೆತನದ ಚೆಲುವಲ್ಲ, ಲೋಹ ತಿನ್ನುವ ರೋಗ. ಒರೆಸಿದರೂ ಮತ್ತೆ ಬರುತ್ತದೆ. ಅಂಥದ್ದನ್ನು ಬೇರೆಯದರಿಂದ ದೂರ, ಒಣ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು ಸಂರಕ್ಷಣೆ ಬಲ್ಲವರಿಗೆ ತೋರಿಸಿ. ಯಾವುದನ್ನೂ ಸುದ್ದಿಪತ್ರಿಕೆಯಲ್ಲಿ ಸುತ್ತಬೇಡಿ. ಅಗ್ಗದ ಕಾಗದದಲ್ಲಿ ಆಮ್ಲವಿರುತ್ತದೆ. ಹಳೆಯ ಹತ್ತಿ ಪಂಚೆ ಸಾಕು. ಮರದ ಕಾವಿನಲ್ಲಿ ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಕಂಡರೆ ಕುಟ್ಟೆ ಹುಳ. ಅದನ್ನು ಉಳಿದ ಮರದ ಸಾಮಾನಿನಿಂದ ಕೂಡಲೇ ಬೇರೆ ಮಾಡಿ. ಕಾವು ಹಾಳಾಯಿತೆಂದು ಹೊಸದು ಹಾಕಿಸಿದರೂ ಹಳೆಯದನ್ನು ಎಸೆಯಬೇಡಿ, ಚೀಟಿ ಕಟ್ಟಿ ಜೊತೆಗಿಡಿ.

ಕೊನೆಯದಾಗಿ ಒಂದು ಕೆಲಸ, ಇದಕ್ಕೆ ದುಡ್ಡು ಬೇಕಿಲ್ಲ. ಮನೆಯ ದೇವರಪೆಟ್ಟಿಗೆಯಲ್ಲಿ, ಊರಿನ ಗುಡಿಯಲ್ಲಿ ಇರುವ ಇಂಥ ಪ್ರತಿ ವಸ್ತುವಿನ ಮುಂದೆ, ಹಿಂದೆ, ಪೀಠದ ಅಡಿ, ಕೈಯ ಆಯುಧದ ಹತ್ತಿರದ ಚಿತ್ರ, ಹೀಗೆ ನಾಲ್ಕು ಫೋಟೊ ತೆಗೆದು, ಎತ್ತರ ಮತ್ತು ತೂಕ ಬರೆದಿಡಿ. ಗುಡಿಯದಾದರೆ ಸಮಿತಿಯವರ ಒಪ್ಪಿಗೆ ಪಡೆದೇ ತೆಗೆಯಿರಿ, ಒಂದು ಪ್ರತಿ ಅವರ ಬಳಿಯೂ ಇರಲಿ. ವಸ್ತು ಕಳುವಾದ ದಿನ ಠಾಣೆಯಲ್ಲಿ ಮೊದಲು ಕೇಳುವುದು ಫೋಟೊವನ್ನೇ.